ಜೌಗಿನ ಕರೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ದೊಡ್ಡಮ್ಮ ಸಿದ್ದಗಂಗಮ್ಮ. ಒಣಗಿದ ದುಪಟಿ ಮಡಿಸುವ ಹೊತ್ತಿಗೇ ಅವರಿಗೆ ಇದು ನೆನಪಾಗುತ್ತಿತ್ತು. ದುಪಟಿಯ ಎರಡು ತುದಿ ಅವರ ಕೈಯಲ್ಲಿ, ಎರಡು ನನ್ನ ಕೈಯಲ್ಲಿ. ಕತೆ ಮುಗಿಯುವ ತನಕ ನನಗೆ ಬಿಡುಗಡೆ ಇಲ್ಲ. ಮುಂದೆ ನಾನು ಕಾಲೇಜಿಗೆ ಹೋಗಿ ಮಣ್ಣಿನ ವಿಜ್ಞಾನ ಓದಿದೆ. ಜೌಗು ನೆಲದಲ್ಲಿ ಕಬ್ಬಿಣ ಹೇಗೆ ಕರಗುತ್ತದೆ, ಬೇರಿನ ಸುತ್ತ ಹೇಗೆ ಮತ್ತೆ ತುಕ್ಕಾಗುತ್ತದೆ, ಇದನ್ನೆಲ್ಲ ಯಾವ ಸೂಕ್ಷ್ಮಜೀವಿ ಮಾಡುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ತೆಗೆದುಕೊಂಡೆ. ಓದಿದ ಮೇಲೆ ದೆವ್ವದ ಭಯ ಹೋಗುತ್ತದೆ ಅನ್ನುತ್ತಾರೆ. ನನ್ನ ವಿಷಯದಲ್ಲಿ ದೆವ್ವಕ್ಕೆ ಒಂದು ಹೆಸರು ಸಿಕ್ಕಿತು, ಅಷ್ಟೇ.

ದೊಡ್ಡಮ್ಮ ಹೇಳುತ್ತಿದ್ದುದು ಹೀಗೆ.

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: ‘ಕೊಳೆಯ ನಡುವೆ ಓಡಾಡುವವರನ್ನು ಮಠದೊಳಗೆ ಇಟ್ಟುಕೊಳ್ಳಬಹುದೇ, ಬುದ್ಧಿ?’

ಅವನು ಕೇಳಿದ್ದು ದೇವೀರಮ್ಮನ ವಿಷಯ. ದೇವೀರಮ್ಮ ಮಠದ ಅಡುಗೆಯವಳು. ಬೆಳಿಗ್ಗೆ ಒಲೆ ಹಚ್ಚುವಳು. ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ಹೆಂಡದಂಗಡಿಯ ಹಿಂದಿನ ಮನೆಗಳಿಗೆ ಹೋಗುವಳು. ಕುಡಿದು ಬಿದ್ದವರನ್ನು ಎಬ್ಬಿಸುವಳು. ಗಂಡನಿಂದ ಏಟು ತಿಂದವಳ ಪಕ್ಕದಲ್ಲಿ ಕೂರುವಳು. ದಿಕ್ಕಿಲ್ಲದವರು ಸತ್ತರೆ ಹೆಣಕ್ಕೆ ನೀರು ಹಾಕುವಳು. ಹಿಂತಿರುಗಿ ಬರುವಾಗ ಅಲ್ಲಿಯ ವಾಸನೆ ಅವಳ ಸೀರೆಯಲ್ಲಿ ಇರುತ್ತಿತ್ತು. ಸಿಟ್ಟು ಬಂದರೆ ಅಲ್ಲಿಯ ಬೈಗುಳವೇ ಬಾಯಿಗೆ ಬರುತ್ತಿತ್ತು. ದಾಸೋಹಕ್ಕೆ ಬರುವ ದೊಡ್ಡವರು ಮುಖ ಸಿಂಡರಿಸುತ್ತಿದ್ದಾರೆ, ಬರುವ ಅಮಾವಾಸ್ಯೆಯೊಳಗೆ ಅವಳನ್ನು ಕಳಿಸಿಬಿಡಬೇಕು ಎಂದು ಶಿಷ್ಯ ಬಿನ್ನವಿಸಿದ. ಕಳಿಸಿದರೆ ಹೋಗಲು ಅವಳಿಗೆ ಮನೆ ಇರಲಿಲ್ಲ. ಅದು ಶಿಷ್ಯನಿಗೂ ಗೊತ್ತಿತ್ತು.

ಗುರುಗಳು ಆಗಲಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಒಬ್ಬ ಮಡಿವಾಳನ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಮಡಿವಾಳನಿದ್ದ. ಆ ಊರಿನ ಕೆರೆ ಏರಿಯ ಕೆಳಗೆ ನೀರು ಜಿನುಗಿ ನೆಲ ಜೌಗಾಗಿತ್ತು. ಜೌಗಿನ ತುಂಬ ಆಳೆತ್ತರದ ಜೊಂಡು. ಜೊಂಡನ್ನು ದಾಟಿ ಬಂದ ನೀರು ಸಣ್ಣ ಹಳ್ಳವಾಗಿ ಹರಿಯುತ್ತಿತ್ತು. ಆ ಹಳ್ಳದ ದಂಡೆಯಲ್ಲಿ ಅವನ ಒಗೆಯುವ ಕಲ್ಲು.

ಅವನ ಕೈಯ ಬಿಳುಪು ಸುತ್ತಲ ಊರುಗಳಿಗೆಲ್ಲ ಗೊತ್ತಿತ್ತು. ಎಣ್ಣೆಯ ಕರೆ, ಎಲೆಅಡಿಕೆಯ ಕರೆ, ಬಾಳೆಯ ಕರೆ, ರಕ್ತದ ಕರೆ, ಯಾವುದೂ ಅವನ ಮುಂದೆ ನಿಲ್ಲುತ್ತಿರಲಿಲ್ಲ. ಅವನ ಹತ್ತಿರ ಹಣೆ ತೋರಿಸಬೇಡಿ, ಬರಹವನ್ನೂ ತೆಗೆದುಬಿಟ್ಟಾನು ಎಂದು ಹೆಂಗಸರು ನಗುತ್ತಿದ್ದರು. ಅವನೂ ನಗುತ್ತಿದ್ದ. ಒಳಗೊಳಗೇ ನಂಬಿಯೂ ಇದ್ದ. ದಿನ ಹೋದಂತೆ ಅವನಿಗೆ ಬಟ್ಟೆ ಕಾಣುವುದು ನಿಂತು ಕರೆ ಮಾತ್ರ ಕಾಣತೊಡಗಿತು. ಎದುರಿಗೆ ಯಾರು ಬಂದರೂ ಮುಖ ನೋಡುವ ಮೊದಲು ಸೆರಗು ನೋಡುತ್ತಿದ್ದ.

ಅವನ ತಂದೆ ಸಾಯುವಾಗ ಒಂದು ಮಾತು ಹೇಳಿದ್ದ: ‘ಜೌಗಿನ ಕರೆ ಜೊಂಡಿಗೇ ಇರಲಿ ಮಗ. ನೀನು ಹೋಗಬೇಡ.’

ಮಗ ಅದನ್ನು ಕೂಗು ಎಂದು ತಿಳಿದ. ಹಾಗೆ ತಿಳಿಯಲು ಕಾರಣವಿತ್ತು. ಗಾಳಿ ನಿಂತ ಸಂಜೆಗಳಲ್ಲಿ ಜೌಗಿನ ತಳದಿಂದ ಗುಳ್ಳೆ ಏಳುತ್ತಿದ್ದವು. ಒಂದು ಗುಳ್ಳೆ ಒಡೆದರೆ, ಯಾರೋ ಬಾಯಿ ತೆರೆದು ಹೆಸರಿನ ಮೊದಲ ಅಕ್ಷರ ನುಡಿದು ಅಲ್ಲಿಗೇ ನಿಲ್ಲಿಸಿದಂತೆ ಕೇಳುತ್ತಿತ್ತು. ಜೌಗು ಕರೆಯುತ್ತದೆ ಎಂದು ಊರವರು ಹೇಳುತ್ತಿದ್ದರು. ಯಾರ ಹೆಸರು ಎಂದು ಗೊತ್ತಾಗುವ ಮೊದಲೇ ಮನೆ ಸೇರಬೇಕು, ಓಗೊಡಬಾರದು ಎನ್ನುತ್ತಿದ್ದರು. ಮಡಿವಾಳನಿಗೆ ಅಂಥ ಭಯವಿರಲಿಲ್ಲ. ತಂದೆಯ ಮಾತನ್ನು ಮುದುಕನ ಹೆದರಿಕೆ ಎಂದು ಪಕ್ಕಕ್ಕಿಟ್ಟ.

ಒಂದು ಬೇಸಿಗೆಯಲ್ಲಿ ಹಳ್ಳ ತೀರ ಸಣ್ಣದಾಯಿತು. ನೀರಿಗೆ ದಾರಿ ಬಿಡಿಸಲು ಅವನು ಮೊದಲ ಸಲ ಜೌಗಿಗೆ ಇಳಿದ.

ಕೆಸರು ಕಪ್ಪಗಿತ್ತು, ತಣ್ಣಗಿತ್ತು. ಜೊಂಡಿನ ಬುಡದ ನೀರಿನ ಮೇಲೆ ನವಿಲಿನ ಬಣ್ಣದ ಪೊರೆ ಇತ್ತು. ಎಣ್ಣೆ ಎಂದುಕೊಂಡು ಕಡ್ಡಿಯಿಂದ ಮುಟ್ಟಿದ. ಎಣ್ಣೆಯಾದರೆ ಸರಿದು ಮತ್ತೆ ಕೂಡುತ್ತದೆ. ಇದು ಗಾಜಿನಂತೆ ಒಡೆಯಿತು. ಚೂರುಗಳು ಬೇರೆ ಬೇರೆಯಾಗಿ ತೇಲಿದವು, ಮತ್ತೆ ಕೂಡಲಿಲ್ಲ. ಅವನು ಒಂದು ಜೊಂಡನ್ನು ಕಿತ್ತ. ಕಪ್ಪು ಕೆಸರಿನಿಂದ ಮೇಲೆ ಬಂದ ಬೇರು ಕೆಂಪಗಿತ್ತು.

ಹೆಬ್ಬೆರಳಿನಿಂದ ಉಜ್ಜಿದ. ಕೆಂಪು ಬಿಟ್ಟಿತು. ಒಳಗಿನ ಬೇರು ಹೊಸ ಬಟ್ಟೆಯಂತೆ ಬೆಳ್ಳಗಿತ್ತು. ಒಳಗೆ ಬಿಳುಪು, ಮೇಲೆ ಕೊಳೆ. ಒಗೆಯುವವನಿಗೆ ಅರ್ಥವಾಗಲು ಇನ್ನೇನು ಬೇಕು? ಬೇರನ್ನೆಲ್ಲ ಚೊಕ್ಕ ಮಾಡಿ ಮತ್ತೆ ಕೆಸರಿಗೆ ಊರಿ ಬಂದ. ಕೆಲವು ದಿನ ಬಿಟ್ಟು ಕಿತ್ತು ನೋಡಿದರೆ ಬೇರು ಮತ್ತೆ ಕೆಂಪಾಗಿತ್ತು. ಯಾರೋ ಅಲ್ಲೇ ಕಾದು ಕೂತಿದ್ದು, ಅವನು ಬೆನ್ನು ತಿರುಗಿಸಿದ ಕೂಡಲೇ ಉಡಿಸಿದಂತಿತ್ತು.

ಇಂಥ ನೀರಿನಲ್ಲೇ ಊರಿನ ಮಡಿಯನ್ನೆಲ್ಲ ಒಗೆದೆನಲ್ಲ ಎಂದುಕೊಂಡ. ಜೊಂಡನ್ನೆಲ್ಲ ಬೇರುಸಹಿತ ಕಿತ್ತು ಜೌಗನ್ನೇ ತೊಳೆದುಬಿಡಬೇಕು ಎಂದು ತೀರ್ಮಾನಿಸಿದ.

ಜೌಗಿನ ಅಂಚಿನಲ್ಲಿ ಒಬ್ಬ ಮುದುಕಿಯ ಮನೆ. ಅವಳು ಜೊಂಡು ಕೊಯ್ದು ಚಾಪೆ ಹೆಣೆದು ಬದುಕುತ್ತಿದ್ದಳು. ಅವಳಿಗಿದ್ದವಳು ಒಬ್ಬಳೇ ಮೊಮ್ಮಗಳು. ಆ ಹುಡುಗಿಯ ಮದುವೆ ಅದೇ ತಿಂಗಳಿಗೆ ನಿಶ್ಚಯವಾಗಿತ್ತು. ಸುದ್ದಿ ಕೇಳಿ ಮುದುಕಿ ಬಂದು ಅಡ್ಡ ನಿಂತಳು.

‘ತಲೆ ಎಷ್ಟು ಬೇಕಾದರೂ ಕೊಯ್ಯಪ್ಪ. ಕಾಲು ಕೀಳಬೇಡ.’

‘ಕಾಲೇ ಅಲ್ಲವೇ ಅಜ್ಜಿ ಕೊಳಕು?’

‘ಕೆಸರಲ್ಲಿ ನಿಂತವರ ಕಾಲು ಇನ್ನು ಹೇಗಿರುತ್ತೆ? ಅರಿಸಿನ ಹಚ್ಚಿಕೊಂಡು ನಿಲ್ಲಬೇಕಿತ್ತಾ?’

ಅವನು ನಕ್ಕ. ಮುದುಕಿಗೆ ಚಾಪೆಯ ಚಿಂತೆ ಎಂದುಕೊಂಡ. ಅವಳನ್ನು ಸಮಾಧಾನ ಮಾಡಲು, ಮೊಮ್ಮಗಳ ಮದುವೆಗೆ ನಡೆಮಡಿಯನ್ನು ತಾನೇ ಒಗೆದು ತರುವೆನೆಂದೂ ಅಂಥ ಬಿಳುಪನ್ನು ಈ ಊರು ಕಂಡಿರಲಾರದೆಂದೂ ಮಾತು ಕೊಟ್ಟ. ನಡೆಮಡಿ ಎಂದರೆ ಹೆಣ್ಣುಗಂಡು ಹಸೆಮಣೆಗೆ ಬರುವ ದಾರಿಯಲ್ಲಿ ಮಡಿವಾಳ ಹಾಸುವ ಬಿಳಿಯ ಬಟ್ಟೆ. ಅದರ ಮೇಲೆ ನಡೆದೇ ಹೋಗಬೇಕು.

ನೆಂಟರಿಷ್ಟರನ್ನು ಕರೆದುಕೊಂಡು ಅವನು ಜೊಂಡು ಕಿತ್ತ. ಕೀಳುತ್ತ ಕೀಳುತ್ತ ಕೆಸರಿನಲ್ಲಿ ಒಂದು ಕುಡುಗೋಲಿನ ಹಿಡಿ ಸಿಕ್ಕಿತು. ಮುದುಕಿ ಎಂದೋ ಕಳೆದುಕೊಂಡಿದ್ದು. ಮರದ ಹಿಡಿ ಹಾಗೆಯೇ ಇತ್ತು. ಅಲಗು ಇರಲಿಲ್ಲ. ಮುರಿದಿರಲಿಲ್ಲ, ಇರಲೇ ಇಲ್ಲ. ನೆಂಟರಲ್ಲಿ ಒಬ್ಬ, ಜೌಗಿಗೆ ಹಲ್ಲಿದೆ ಎಂದ. ಯಾರೂ ನಗಲಿಲ್ಲ.

ಇನ್ನೂ ಕೆಳಗೆ ಮತ್ತೊಂದು ಸಿಕ್ಕಿತು. ಹುಲ್ಲುಕಡ್ಡಿಯಷ್ಟು ದಪ್ಪದ ಕೆಂಪು ಕೊಳವೆಗಳು. ಒಂದರಿಂದ ಒಂದು ಕವಲೊಡೆದು ಥೇಟು ಬೇರಿನ ಹಾಗೆಯೇ ಇಳಿದಿದ್ದವು. ಮುರಿದು ನೋಡಿದರೆ ಒಳಗೆ ಬೇರು ಇರಲಿಲ್ಲ. ಬೇರು ಸತ್ತು ಎಷ್ಟೋ ಕಾಲವಾಗಿತ್ತು. ಅದರ ಮೈಮೇಲಿನ ತುಕ್ಕು ಮಾತ್ರ ಅದರ ಆಕಾರದಲ್ಲೇ ನಿಂತಿತ್ತು. ಮಡಿವಾಳ ಜೀವಮಾನವೆಲ್ಲ ಬೇರೆಯವರ ಬಟ್ಟೆ ಹಿಡಿದವನು. ಸತ್ತವರ ಬಟ್ಟೆಯನ್ನೂ ಒಗೆದಿದ್ದ. ಒಳಗೆ ಯಾರೂ ಇಲ್ಲದ ಅಂಗಿ ಕೈಗೆ ಹೇಗೆ ಹತ್ತುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅವನು ಅದನ್ನು ಕೆಳಗೆ ಬಿಟ್ಟ. ಹಳ್ಳಕ್ಕೆ ಹೋಗಿ ಕೈ ತೊಳೆದ. ಕೈ ಬೆಳ್ಳಗಾಗಲಿಲ್ಲ.

ಇಲ್ಲಿ ಗುರುಗಳು ಕತೆ ನಿಲ್ಲಿಸಿ ಶಿಷ್ಯನಿಗೆ ಜೌಗಿನ ಒಳಗನ್ನು ಹೇಳಿದರು.

ಆ ಕೆಸರಿನಲ್ಲಿ ಗಾಳಿ ಇಲ್ಲ. ಗಾಳಿ ಇಲ್ಲದಲ್ಲಿಯೂ ಜೀವಗಳಿವೆ. ಕಣ್ಣಿಗೆ ಕಾಣದಷ್ಟು ಸಣ್ಣವು, ಎಣಿಸಲಾಗದಷ್ಟು. ನಮಗೆ ಗಾಳಿ ಹೇಗೋ ಅವಕ್ಕೆ ತುಕ್ಕು ಹಾಗೆ. ಅವು ತುಕ್ಕನ್ನು ಉಸಿರಾಡುತ್ತವೆ. ಅವು ಉಸಿರಾಡಿ ಬಿಟ್ಟ ಕಬ್ಬಿಣ ಬಣ್ಣ ಕಳೆದುಕೊಂಡು, ನೀರಿನಲ್ಲಿ ಕರಗಿ, ಯಾರಿಗೂ ಕಾಣದೆ ಹೊರಡುತ್ತದೆ. ಜೊಂಡಿನ ಕಡ್ಡಿ ಒಳಗೆ ಟೊಳ್ಳು. ಅದು ಮೇಲಿನ ಗಾಳಿಯನ್ನು ಬೇರಿನ ತನಕ ಇಳಿಸಿಕೊಳ್ಳುತ್ತದೆ. ಅದರಲ್ಲಿ ಒಂದಿಷ್ಟು ಬೇರಿನಿಂದ ಕೆಸರಿಗೆ ಸೋರುತ್ತದೆ. ಸೋರಿದ ಆ ಉಸಿರಿಗಾಗಿ ಬೇರಿನ ಸುತ್ತ ಬೇರೆ ಜೀವಗಳು ಕಾದಿರುತ್ತವೆ. ಕಾಣದೆ ಹೋಗುತ್ತಿರುವ ಕಬ್ಬಿಣವನ್ನು ಅವು ಅಲ್ಲಿಯೇ ಹಿಡಿದು ಮತ್ತೆ ತುಕ್ಕು ಮಾಡುತ್ತವೆ. ತುಕ್ಕು ಬೇರಿಗೆ ಅಂಟುತ್ತದೆ. ನೀರು ಮುಂದೆ ಹೋಗುತ್ತದೆ. ಬೇರು ಸತ್ತರೆ ಕೆಳಗಿನವು ಆ ತುಕ್ಕನ್ನು ಮತ್ತೆ ಉಸಿರಾಡುತ್ತವೆ. ಒಬ್ಬರು ಬಿಡಿಸುವುದು, ಒಬ್ಬರು ಉಡಿಸುವುದು. ಊರು ಮಲಗಿದರೂ ಈ ಕೆಲಸ ನಿಲ್ಲುವುದಿಲ್ಲ.

ಹೀಗೆ ಹೇಳಿ ಗುರುಗಳು ಕತೆಗೆ ಮರಳಿದರು.

ಜೊಂಡು ಹೋದ ಮೇಲೆ ಹಳ್ಳದ ನೀರು ಗಾಜಿನಂತೆ ಬಂತು. ಮಡಿವಾಳ ಅದನ್ನು ಬೊಗಸೆಯಲ್ಲಿ ಹಿಡಿದು ಊರವರಿಗೆ ತೋರಿಸಿದ. ಮದುವೆಯ ದಿನ ಬೆಳಿಗ್ಗೆ ನಡೆಮಡಿಯನ್ನು ಚೌಳುಮಣ್ಣು ಹಾಕಿ ಒಗೆದ. ಹಿಂಡಿದಾಗ ಬೆಳ್ಳಗಿತ್ತು. ಹಸಿಯಾಗಿಯೇ ಮಡಿಸಿ, ಬುಟ್ಟಿಯಲ್ಲಿಟ್ಟು, ಮೇಲೆ ಎಲೆ ಮುಚ್ಚಿಕೊಂಡು ತಂದ. ಬಿಸಿಲಿಗೆ ಅಲ್ಲೇ ಆರಲಿ ಎಂದು ಮುದುಕಿಯ ಅಂಗಳದಲ್ಲಿ ಉದ್ದಕ್ಕೂ ಹಾಸಿದ. ಗಂಡಿನವರು ಬಂದು ಕೂತಿದ್ದರು. ಅವರೂ ಆ ಬಿಳುಪನ್ನು ಹೊಗಳಿದರು.

ಮೊದಲು ಅಂಚು ಹಳದಿಯಾಯಿತು. ಬಿಸಿಲಿಗಿರಬೇಕು ಎಂದುಕೊಂಡರು. ಆಮೇಲೆ ಮಡಿಕೆಯ ಗೆರೆಗಳಲ್ಲಿ ಕೆಂಪು ಹುಟ್ಟಿತು. ಗೆರೆಯಿಂದ ಗೆರೆಗೆ ಕವಲೊಡೆದು, ಬೇರು ಇಳಿಯುವಂತೆ, ಬಟ್ಟೆಯ ನಡುವಿಗೆ ಇಳಿಯಿತು. ಯಾರೂ ಏನನ್ನೂ ಚೆಲ್ಲಿರಲಿಲ್ಲ. ಯಾರೂ ಹತ್ತಿರ ಸುಳಿದಿರಲಿಲ್ಲ. ಎಲ್ಲರೂ ನೋಡುತ್ತಿದ್ದಂತೆಯೇ ಅದು ಒಳಗಿನಿಂದ ಬರುತ್ತಿತ್ತು. ವಾಲಗ ನಿಂತಿತು. ಬಟ್ಟೆಯ ಒಂದು ತುದಿಯಲ್ಲಿ ಹುಡುಗಿ, ಇಡಲೆಂದು ಎತ್ತಿದ ಕಾಲನ್ನು ಎತ್ತಿಕೊಂಡೇ ನಿಂತಿದ್ದಳು.

ಗಂಡಿನ ಸೋದರಮಾವ ಎದ್ದ. ಹೆಣ್ಣು ಕಾಲಿಡುವ ಮೊದಲೇ ಮಡಿ ಕೆಂಪಾಯಿತೆಂದರೆ ಹೆಣ್ಣಿನಲ್ಲಿ ಏನೋ ಇದೆ ಎಂದ. ಮಡಿವಾಳ ಅಡ್ಡ ಬಂದು, ಹುಡುಗಿಯದೇನೂ ತಪ್ಪಿಲ್ಲ, ತಪ್ಪು ತನ್ನ ನೀರಿನದು ಎಂದ. ಓಡಿಹೋಗಿ ಹಳ್ಳದಿಂದ ಒಂದು ತಪ್ಪಲೆ ನೀರು ತಂದು ಎದುರಿಗಿಟ್ಟ. ಸೋದರಮಾವ ಬಗ್ಗಿ ನೋಡಿದ. ತಪ್ಪಲೆಯ ತಳ ಕಾಣುತ್ತಿತ್ತು.

‘ಇದರಲ್ಲಿ ಏನೂ ಇಲ್ಲವಲ್ಲಯ್ಯ,’ ಎಂದ. ‘ಕರೆ ತೆಗೆಯುವವನು ನೀನು, ನೀನೇ ಹೇಳು. ನೀರಲ್ಲಿ ಇಲ್ಲ, ನೂಲಲ್ಲಿ ಇಲ್ಲ. ಇನ್ನು ಉಳಿದವರು ಯಾರು?’

ಮಡಿವಾಳ ಬಟ್ಟೆ ಎತ್ತಿಕೊಂಡು ಹಳ್ಳಕ್ಕೆ ಓಡಿದ. ಬೆಳ್ಳಗೆ ಮಾಡಿ ತಂದು ತೋರಿಸಿದರೆ ಅವರು ಕೂತಾರು ಎಂಬ ಆಸೆ. ಚೌಳು ಹಾಕಿ ಉಜ್ಜಿದ. ಕೆಂಪು ಇನ್ನೂ ಕಚ್ಚಿಕೊಂಡಿತು. ಹುಣಸೆಹುಳಿ ಹಾಕಿ ಉಜ್ಜಿದ, ಕೆಂಪು ಬಿಟ್ಟಿತು. ಅವನಿಗೆ ಜೀವ ಬಂತು. ಹುಳಿ ಹೋಗಲೆಂದು ಬಟ್ಟೆಯನ್ನು ಅದೇ ನೀರಿನಲ್ಲಿ ಜಾಲಿಸಿದ. ತೋಳಿನ ಮೇಲೆ ಹರವಿಕೊಂಡು ಓಡಿ ಬರುವಷ್ಟರಲ್ಲಿ, ಬಿಸಿಲು ತಾಗಿದ ಕಡೆಯಿಂದ, ಅದು ಮತ್ತೆ ಬರುತ್ತಿತ್ತು.

ಗಂಡಿನವರು ಗಾಡಿ ಹೂಡಿಯಾಗಿತ್ತು. ಗಾಡಿಗಳು ಕೆರೆ ಏರಿ ದಾಟಿ ಮರೆಯಾದವು. ಆಮೇಲೆ ಮುದುಕಿ ಅಂಗಳದಲ್ಲಿ ಉಳಿದಿದ್ದ ತಪ್ಪಲೆಯನ್ನು ನೋಡಿದಳು. ಮಡಿವಾಳನನ್ನು ಕರೆದು ತೋರಿಸಿದಳು. ತಿಳಿನೀರು ತಾನಾಗಿಯೇ ಕೆಂಪಾಗುತ್ತಿತ್ತು. ಕಾಣದ ಯಾರೋ ಅದರೊಳಗೆ ಕೈ ಅದ್ದಿ, ಬಹಳ ನಿಧಾನವಾಗಿ ತಳಕ್ಕೆ ಇಳಿಸುತ್ತಿರುವಂತೆ ಬಣ್ಣ ಮೇಲಿನಿಂದ ಕೆಳಗೆ ಹೋಯಿತು.

ಆಗ ಅವನಿಗೆ ತಂದೆಯ ಮಾತು ಇನ್ನೊಂದು ಸಲ ಕೇಳಿಸಿತು. ತಂದೆ ಹೇಳಿದ್ದು ಕೂಗಿನ ಮಾತಾಗಿರಲಿಲ್ಲ. ಆ ‘ಕರೆ’, ದಿನಾ ಬಟ್ಟೆಯ ಮುಂದೆ ಕೂತು ತಾನೇ ನೂರು ಸಲ ಆಡುವ ಮಾತಾಗಿತ್ತು.

‘ನನಗಿಂತ ಮೊದಲು ಆ ಕೆಸರಲ್ಲಿ ನಿಂತು ಒಬ್ಬ ಒಗೆಯುತ್ತಿದ್ದ, ಅಜ್ಜಿ,’ ಎಂದ. ‘ಅವನ ಕೈ ಕೆಂಪಾಗಿದೆ ಅಂತ ಅವನನ್ನೇ ಕಿತ್ತು ಹಾಕಿದೆ.’

ಹುಡುಗಿ ತಲೆಗೆ ಕಟ್ಟಿದ್ದ ಬಾಸಿಂಗ ಬಿಚ್ಚಿ ಅಜ್ಜಿಯ ಕೈಗಿಟ್ಟಳು. ಮದುವೆಯ ಸೀರೆಯಲ್ಲೇ ಜೌಗಿಗೆ ಇಳಿದಳು. ದಂಡೆಯಲ್ಲಿ ರಾಶಿ ಹಾಕಿದ್ದ ಜೊಂಡಿನಲ್ಲಿ ಇನ್ನೂ ಜೀವವಿದ್ದ ಬುಡಗಳನ್ನು ಆರಿಸಿ ನೆಡತೊಡಗಿದಳು. ಸ್ವಲ್ಪ ಹೊತ್ತು ನೋಡಿ ಮಡಿವಾಳನೂ ಇಳಿದ.

ಜೊಂಡು ಹತ್ತಿಕೊಂಡಿತು. ಹೊಸ ಬೇರುಗಳು ಕೆಸರಿನಲ್ಲಿ ದಾರಿ ಹುಡುಕುತ್ತ ಹೋಗಿ ಆ ಖಾಲಿ ಕೊಳವೆಗಳನ್ನು ಕಂಡುಕೊಂಡವು. ಸತ್ತವರ ಅಂಗಿಯೊಳಗೆ ಒಂದೊಂದಾಗಿ ತೋಳು ತೂರಿಸಿದವು. ಹುಡುಗಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಮತ್ತೆ ಮಣ್ಣು ಮುಚ್ಚಿದಳು. ಮಳೆಗಾಲ ಕಳೆಯುವ ಹೊತ್ತಿಗೆ ಹಳ್ಳದಲ್ಲಿ ಒಗೆದ ಬಟ್ಟೆ ಬೆಳ್ಳಗೇ ಆರತೊಡಗಿತು. ಊರವರು ಎಂದಿನಂತೆ ಬಟ್ಟೆ ತಂದು ಹಾಕಿದರು. ಹುಡುಗಿಯ ಕೈ ಮಾತ್ರ ಮುಂಗೈಯ ತನಕ ಕೆಂಪಾಗಿಯೇ ಉಳಿಯಿತು, ಏಕೆಂದರೆ ಅವಳು ಜೌಗಿಗೆ ಇಳಿಯುವುದನ್ನು ಬಿಡಲಿಲ್ಲ. ಅವಳನ್ನು ನೋಡಲು ಮತ್ತೆ ಒಂದಿಬ್ಬರು ಗಂಡಿನವರು ಬಂದರು. ಕೈ ನೋಡಿ ಎದ್ದು ಹೋದರು. ಬಂದವರೆಲ್ಲ ಬಿಳಿಯ ಪಂಚೆ ಉಟ್ಟಿದ್ದರು. ಪಂಚೆ ಒಗೆದದ್ದು ಅದೇ ಹಳ್ಳದಲ್ಲಿ.

ಮಡಿವಾಳ ಆ ಮೇಲೆ ಯಾರು ಬಂದರೂ ಸೆರಗು ನೋಡಲಿಲ್ಲ. ಗಾಳಿ ನಿಂತ ಸಂಜೆ ಜೌಗು ಯಾರದೋ ಹೆಸರಿನ ಮೊದಲ ಅಕ್ಷರ ನುಡಿದು ನಿಲ್ಲಿಸಿದರೆ, ಊರವರು ಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವನು ಕಲ್ಲಿನ ಮೇಲೆ ಕೂತಲ್ಲಿಂದಲೇ ಓಗೊಡುತ್ತಿದ್ದ.

ಗುರುಗಳು ಕತೆ ಮುಗಿಸಿದರು. ಒಳಗೆ ದೇವೀರಮ್ಮ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು. ಯಾವುದೋ ತಳ ಹಿಡಿದ ಪಾತ್ರೆಗೆ ಅವಳು ಹೆಂಡದಂಗಡಿಯ ಭಾಷೆಯಲ್ಲೇ ಬೈಯುತ್ತಿದ್ದಳು. ಕತೆ ಶಿಷ್ಯನಿಗೆ ಹಿಡಿಸಿತ್ತು. ಆದರೂ ಅಮಾವಾಸ್ಯೆ ಹತ್ತಿರ ಬರುತ್ತಿತ್ತು, ದೊಡ್ಡವರಿಗೆ ಏನಾದರೂ ಹೇಳಬೇಕಿತ್ತು.

‘ಹಾಗಾದರೆ ಇವಳನ್ನು ಏನು ಮಾಡುವುದು, ಬುದ್ಧಿ?’ ಎಂದು ಕೇಳಿದ.

‘ಕಳಿಸಿಬಿಡು,’ ಎಂದರು ಗುರುಗಳು, ‘ನಾಳೆ ಮಧ್ಯಾಹ್ನದಿಂದ ಆ ಮನೆಗಳಿಗೆ ನೀನು ಹೋಗು.’

ಶಿಷ್ಯ ತನ್ನ ಎರಡು ಕೈಗಳನ್ನು ನೋಡಿಕೊಂಡ. ಅವು ಬೆಳ್ಳಗಿದ್ದವು.

ದೊಡ್ಡಮ್ಮ ಇಲ್ಲಿಗೆ ನಿಲ್ಲಿಸುತ್ತಿದ್ದರು. ದೇವೀರಮ್ಮ ಉಳಿದಳೇ ಎಂದು ಎಷ್ಟು ಸಲ ಕೇಳಿದರೂ ಹೇಳುತ್ತಿರಲಿಲ್ಲ. ನನ್ನ ಕಡೆ ನಡೆದು ಬಂದು ತಮ್ಮ ಕೈಯ ಎರಡು ತುದಿಗಳನ್ನು ನನ್ನ ಕೈಯ ತುದಿಗಳಿಗೆ ಕೂಡಿಸಿ, ಬೆರಳು ಬಿಡುತ್ತಿದ್ದರು. ದುಪಟಿ ಪೂರ್ತಿ ನನ್ನದಾಗುತ್ತಿತ್ತು. ಈಗ ನಾನೂ ಹಾಗೆಯೇ ನಿಮ್ಮ ತನಕ ನಡೆದು ಬಂದು ತುದಿ ಕೂಡಿಸಿದ್ದೇನೆ. ಹಿಡಿದುಕೊಂಡೇ ನಿಲ್ಲಬೇಡಿ. ಇನ್ನೊಂದು ಮಡಿಕೆ ಹಾಕಿ, ಎದುರಿಗೆ ಯಾರು ನಿಂತಿದ್ದಾರೋ ಅವರ ಕೈಗೆ ಕೊಡಿ. ಕೊಡುವಾಗ ಅವರ ಕೈಯ ಬಣ್ಣ ನೋಡಬೇಡಿ.